ತಟ್ಟೆಯ ಈಚೆ ಬದಿಯಿಂದ

ಮಂಗಳೂರು, ಡಿಸೆಂಬರ್

ಪ್ರೀತಿಯ ಮಗಳೇ,

ನೀನು ಕಳಿಸಿದ ಕ್ರಿಸ್ಮಸ್ ಪ್ರಬಂಧವನ್ನು ಎರಡು ಸಲ ಓದಿದೆ. ನಿನ್ನ ಕೈಯಲ್ಲಿ ಬರವಣಿಗೆ ಉಂಟು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ನಾನು ಬೆಳೆದದ್ದೂ ಘಟ್ಟದ ಬುಡದಲ್ಲೇ, ಚಾರ್ಮಾಡಿಯ ಕೆಳಗೆ. ನಮ್ಮ ತೋಟದಾಚೆಯ ಹಳ್ಳದ ಸಂಕ ದಾಟಿದರೆ ಪೊರ್ಬುಗಳ ಮನೆ, ಅಂದರೆ ನಿಮ್ಮ ಹಾಗೆ ಕೊಂಕಣಿ ಮಾತಾಡುವ ಕ್ರೈಸ್ತರದ್ದು. ಆ ಮನೆಯಾಕೆಯನ್ನು ನಾವು ಬಾಯಮ್ಮ ಅಂತ ಕರೆಯುತ್ತಿದ್ದೆವು. ಡಿಸೆಂಬರ್ 25ರ ಬೆಳಿಗ್ಗೆ ಅವರ ಮಗ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬರುತ್ತಿದ್ದ. ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ತುಳಿಯಬಾರದೆಂದು ಅಂಚಿನಲ್ಲೇ ಹೆಜ್ಜೆ ಇಟ್ಟು ಜಗಲಿಗೆ ಬರುತ್ತಿದ್ದ. ಬಟ್ಟೆ ಸರಿಸಿದರೆ ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ಮೂಲೆಯಲ್ಲಿ ನಾಲ್ಕು ಚಕ್ಕುಲಿ. ತಟ್ಟೆಯನ್ನು ಖಾಲಿ ಮರಳಿಸಬಾರದೆಂದು ಅಮ್ಮ ಅದನ್ನು ತೊಳೆದು ಒರೆಸಿ, ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಕೊಡುತ್ತಿದ್ದಳು.

ಕ್ರಿಸ್ಮಸ್ ಅಂದರೆ ನನಗೆ ಅಷ್ಟೇ. ತಟ್ಟೆಯ ಈಚೆ ಬದಿ. ಕಿಡಿಯೊದ ಮೈಮೇಲಿನ ಗೀರುಗಳು ಬಾಚಣಿಗೆಯಿಂದ ಬರುತ್ತವೆಂದು ನನಗೆ ಗೊತ್ತಾದದ್ದು ಕೂದಲು ನರೆತ ಮೇಲೆ. ಆಚೆ ಬದಿಯ ಒಲೆಯ ಮುಂದೆ ಕೂತವಳು ನೀನು. ಆದರೆ ನೀನು ಬರೆದದ್ದು ಒಂದೇ ವಾಕ್ಯ: "ಅಜ್ಜಿ ಬಗೆಬಗೆಯ ಸಿಹಿತಿಂಡಿಗಳನ್ನು ತಯಾರಿಸುತ್ತಿದ್ದರು." ಅದನ್ನು ಓದಿ ನನಗೆ ಸಂಕಟವಾಯಿತು. ಹಿಟ್ಟು ನಾದಿದವರು ಯಾರು? ನೆವ್ರಿಯ ಅಂಚನ್ನು ಮಡಚಿ ಮಡಚಿ ಒತ್ತುವಾಗ ಯಾರ ಬೆರಳು ಚುರುಕು? ಹೂರಣದ ಎಳ್ಳು, ಕೊಬ್ಬರಿ ಹುರಿಯುವ ವಾಸನೆ ಚಾವಡಿಗೆ ಬಂದಾಗ ಮಕ್ಕಳು ಏನು ನೆಪ ಹೇಳಿ ಒಳಗೆ ನುಗ್ಗುತ್ತಿದ್ದಿರಿ? ಕೊಕ್ಕಿಸಾಂ ಅಚ್ಚನ್ನು ಬಿಸಿ ಎಣ್ಣೆಯಲ್ಲಿ ಕುಲುಕಿದರೂ ಹಿಟ್ಟಿನ ಹೂವು ಬಿಡದೆ ಅಂಟಿಕೊಂಡಾಗ ಅಜ್ಜಿಯ ಬಾಯಿಂದ ಯಾವ ಕೊಂಕಣಿ ಮಾತು ಬರುತ್ತಿತ್ತು?

ಈ ಕ್ರಿಸ್ಮಸ್ ತಿಂಡಿಗಳಿಗೆಲ್ಲ ನಿಮ್ಮವರು ಹೇಳುವ "ಕುಸ್ವಾರ್" ಅನ್ನುವ ಹೆಸರನ್ನು ಬರೆಯಲು ನೀನು ಯಾಕೆ ಹಿಂಜರಿದೆ? ಕನ್ನಡದ ಓದುಗರಿಗೆ ತಿಳಿಯದು ಎಂದೋ? ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಸಾವಿರಾರು ಕನ್ನಡ ಶಬ್ದಗಳಿಗೆ ಮನೆಯಾದ ಊರು ಇದು. ನಿನ್ನ ಅಜ್ಜಿಯ ಹತ್ತು ಶಬ್ದಗಳಿಗೂ ಇಲ್ಲಿ ಜಾಗ ಉಂಟು. ಶಬ್ದವನ್ನು ಹಾಗೇ ಇಡು, ಪಕ್ಕದಲ್ಲಿ ಕೆಲಸವನ್ನು ತೋರಿಸು. ಅರ್ಥ ತಾನಾಗಿ ಆಗುತ್ತದೆ.

ಇನ್ನು ಇತಿಹಾಸ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಉಳಿದವರು 1799ರಲ್ಲಿ ಟಿಪ್ಪು ಮಡಿದ ನಂತರ ಮರಳಿದ್ದು, ಇದಕ್ಕೇ ಎರಡು ಪುಟ ಕೊಟ್ಟಿದ್ದೀ. ಆ ನೋವು ಸಣ್ಣದಲ್ಲ. ಆದರೆ ನೀನು ಬರೆದಿರುವುದು ಶಾಲೆಯ ಪುಸ್ತಕದ ದನಿಯಲ್ಲಿ. ನಿಮ್ಮ ಮನೆಯಲ್ಲಿ ಹಿರಿಯರು ಅದರ ಬಗ್ಗೆ ಏನಾದರೂ ಹೇಳುತ್ತಿದ್ದರೆ ಅವರ ಬಾಯಿಂದಲೇ ಹೇಳಿಸು. ಇಲ್ಲವಾದರೆ ಅದನ್ನು ಬೇರೆ ಪ್ರಬಂಧಕ್ಕೆ ಎತ್ತಿಡು.

"ಮೈ ಕೊರೆಯುವ ಚಳಿ" ಅಂತಲೂ ಬರೆದಿದ್ದೀ. ನಮ್ಮ ಘಟ್ಟದ ಬುಡದ ಚಳಿ ಹಾಗಿರುವುದಿಲ್ಲ ಮಗಾ. ಮಧ್ಯಾಹ್ನ ಬೆವರು, ಬೆಳಗಿನ ಜಾವ ಇಬ್ಬನಿ. ಅಡಿಕೆ ಸೋಗೆಯಿಂದ ಹನಿಗಳು ತರಗೆಲೆಯ ಮೇಲೆ ಬೀಳುವಾಗ ಮಳೆ ಬಂತೆಂದು ಮೋಸಹೋಗಬೇಕು. ಬಾಟಲಿಯ ತೆಂಗಿನೆಣ್ಣೆ ಬಿಳಿಯಾಗಿ ಗಟ್ಟಿ ಕೂತಿರುತ್ತದೆ. ಬಚ್ಚಲ ಒಲೆಯ ಹತ್ತಿರ ಇಟ್ಟು ಕರಗಿಸದೆ ತಲೆಗೆ ಹಚ್ಚಲಾಗುವುದಿಲ್ಲ. ತುಳುವಿನಲ್ಲಿ ಪೆರಾರ್ದೆ ತಿಂಗಳು. ನಮ್ಮ ಕಡೆಯವರು ನಸುಕಿಗೆ ಎದ್ದು ಧನುಪೂಜೆಗೆ ಹೊರಡುವ ಕಾಲವೂ ಅದೇ.

ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಗುಡ್ಡದ ಮನೆಗಳಿಂದ ಒಬ್ಬೊಬ್ಬರೇ ಇಳಿದು, ಒಣಗಿದ ತೆಂಗಿನ ಗರಿಯ ಸೂಟೆ ಬೀಸುತ್ತಾ ಇಗರ್ಜಿಯ ದಾರಿ ಹಿಡಿಯುತ್ತಿದ್ದರು. ನಾನು ಕಂಡದ್ದು ಬೆಂಕಿಯ ಸಾಲು ಮಾತ್ರ. ಆ ಸಾಲಿನೊಳಗೆ ನಡೆದವರ ಮಾತು, ಹೊಸ ಚಪ್ಪಲಿ ಕಚ್ಚಿದ ಕಾಲು, ನಿದ್ದೆಗಣ್ಣಿನಲ್ಲಿ ಅಪ್ಪನ ಹೆಗಲೇರಿದ ಮಗು, ಅವನ್ನು ನಾನು ಊಹಿಸಿ ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಬರೆಯಲೇ ಇಲ್ಲ. ನಿನ್ನ ಅಜ್ಜಿ ಆ ಸಾಲಿನಲ್ಲಿ ನಡೆದವರು.

ಅವರಿಗೆ ಈಗ ಕೈ ನಡುಗುತ್ತದೆ ಅಂತ ಬರೆದಿದ್ದೀಯಲ್ಲ, ಈ ಭಾನುವಾರವೇ ಊರಿಗೆ ಹೋಗು. ಪೆನ್ನು ಬೇಡ, ಕೈ ಹಿಟ್ಟಾಗಿರುತ್ತದೆ. ಪಕ್ಕದಲ್ಲಿ ಕೂತು ಕಿಡಿಯೊ ಉರುಳಿಸು. ಹಾಗೇ ಒಂದು ವಿಷಯ ಕೇಳಿಕೊಂಡು ಬಾ: ಅಕ್ಕಪಕ್ಕದ ಮನೆಗಳಿಗೆ ಹೋದ ತಟ್ಟೆಗಳು ಮರಳಿ ಬಂದಾಗ ಅದರಲ್ಲಿ ಏನೇನು ಇರುತ್ತಿತ್ತು, ಅದನ್ನು ಯಾರು ತಿನ್ನುತ್ತಿದ್ದರು? ನಮ್ಮಮ್ಮ ಇಟ್ಟು ಕಳಿಸಿದ ಬಾಳೆಹಣ್ಣು ಸಂಕ ದಾಟಿದ ಮೇಲೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರೀತಿಯಿಂದ,
ನಿನ್ನ ಮಾಮ