ಸೂರ್ಯಾಸ್ತ ನೋಡಿ ಅಲ್ಲ, ಭರತ ನೋಡಿ ದೋಣಿ ಹತ್ತಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ನಿಂತು ನವರಾತ್ರಿ ಕಳೆಯಿತೆಂದರೆ ಉಡುಪಿ ಜಿಲ್ಲೆಯ ಹೊಳೆಬದಿಗಳಲ್ಲಿ ದೋಣಿ ವಿಹಾರದ ಬೋರ್ಡುಗಳು ಏಳುತ್ತವೆ. ಕೋಡಿ ಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆ, ಸಾಲಿಗ್ರಾಮದ ಹತ್ತಿರದ ಸೀತಾ ಹಿನ್ನೀರು, ಕುಂದಾಪುರದ ಪಂಚಗಂಗಾವಳಿ, ಗಡಿ ದಾಟಿದರೆ ಹೊನ್ನಾವರದ ಶರಾವತಿ, ಎಲ್ಲ ಕಡೆಯೂ ಇದೇ ಕತೆ. ಬೋರ್ಡಿನಲ್ಲಿ ದರ ಇರುತ್ತದೆ, ಫೋನ್ ನಂಬರ್ ಇರುತ್ತದೆ, ಮುಳುಗುವ ಸೂರ್ಯನ ಚಿತ್ರವಂತೂ ಇದ್ದೇ ಇರುತ್ತದೆ. ಇವತ್ತು ಕಡಲ ನೀರು ಏರಿ ತುಂಬುವ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂಬ ಒಂದು ಸಾಲು ಮಾತ್ರ ಕಾಣುವುದು ಅಪರೂಪ. ವಿಹಾರ ಚೆನ್ನಾಗಿತ್ತೋ ಇಲ್ಲವೋ ಎನ್ನುವುದು ನಿಂತಿರುವುದೇ ಆ ಒಂದು ಸಾಲಿನ ಮೇಲೆ.

ಘಟ್ಟದ ಮೇಲಿನಿಂದ ಬರುವವರಿಗೆ ಹೊಳೆಯೆಂದರೆ ಒಂದೇ ದಿಕ್ಕಿಗೆ ಹರಿಯುವ ನೀರು. ಅಳಿವೆಯ ಹೊಳೆ ದಿನಕ್ಕೆ ಎರಡು ಸಲ ಸಮುದ್ರದ ಕಡೆಗೆ, ಎರಡು ಸಲ ಘಟ್ಟದ ಕಡೆಗೆ ಹರಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಹಳಬರ ಲೆಕ್ಕದಲ್ಲಿ ಹೇಳುವುದಾದರೆ ತಿಥಿಗೆ ಎರಡು ಘಳಿಗೆ (ಘಳಿಗೆಯೆಂದರೆ 24 ನಿಮಿಷ). ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ನಮ್ಮ ಕಡೆ ನೀರು ಹೆಚ್ಚುಕಡಿಮೆ ಒಂದೂವರೆ ಮೀಟರ್ ಏರಿಳಿಯುತ್ತದೆ. ಅಷ್ಟಮಿಯ ಸುತ್ತ ಅದರಲ್ಲಿ ಅರ್ಧದಷ್ಟು.

ಈಗ ಹುಣ್ಣಿಮೆಯ ದಿನವನ್ನೇ ತೆಗೆದುಕೊಳ್ಳಿ. ಚಂದ್ರೋದಯವನ್ನೂ ನೋಡಿಬಿಡೋಣವೆಂದು ಜನ ಆರಿಸಿಕೊಳ್ಳುವ ಸಂಜೆ ಅದು. ಆ ದಿನ ನಮ್ಮ ಕರಾವಳಿಯಲ್ಲಿ ಭರತ ಬರುವುದು ನಡುಹಗಲಿನ ಆಸುಪಾಸಿಗೆ. ಅಂದರೆ ಸಂಜೆ ಆರರ ಹೊತ್ತಿಗೆ ಇಳಿತ, ಅದೂ ಆ ಪಕ್ಷದ ದೊಡ್ಡ ಇಳಿತ. ಐದು ಗಂಟೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗೆ ಹೊಕ್ಕ ದೋಣಿಯ ತಳಕ್ಕೆ ಕೆಸರು ತಾಗುತ್ತದೆ. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನ ಫ್ಯಾನು ತಳಕ್ಕಿಂತಲೂ ಕೆಳಗೆ ಇಳಿದಿರುವುದರಿಂದ ಮೊದಲು ಸಿಕ್ಕಿಬೀಳುವುದು ಅದೇ. ಎಂಜಿನ್ ಎತ್ತಿ ಜಲ್ಲೆ ಹಾಕಿ ದೂಡಬೇಕು. ಐದು ನಿಮಿಷದಲ್ಲಿ ಬಿಡಿಸಿಕೊಳ್ಳಲು ಆಗದಿದ್ದರೆ ನೀರು ಮತ್ತೆ ಏರುವ ತನಕ ಸೊಳ್ಳೆಗಳ ಜೊತೆ ಎರಡು ಮೂರು ಗಂಟೆ ಕೂರಬೇಕು. ಸಂಜೆಯ ವಿಹಾರವೇ ಬೇಕೆನ್ನುವವರು ಪಂಚಾಂಗ ತೆಗೆದು ಸಪ್ತಮಿಯಿಂದ ನವಮಿಯವರೆಗಿನ ದಿನ ಹುಡುಕಲಿ. ಆಗ ಏರಿಳಿತ ಸಣ್ಣದು, ಸಂಜೆಯ ಹೊತ್ತಿಗೆ ಹೊಳೆ ತುಂಬಿರುತ್ತದೆ, ಸೆಳೆತವೂ ಕಡಿಮೆ. ಇದು ಅಂದಾಜಿನ ಲೆಕ್ಕ ಮಾತ್ರ. ದಿನದ ಖಚಿತ ಹೊತ್ತಿಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ವಾರ್ಷಿಕ ಕೋಷ್ಟಕ ಇದೆ. ಕೋಷ್ಟಕದಲ್ಲಿರುವುದು ಬಂದರಿನ ಹೊತ್ತು. ಹೊಳೆಯಲ್ಲಿ ಮೇಲಕ್ಕೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಎಷ್ಟು ತಡ ಎನ್ನುವುದನ್ನು ಆ ಜಾಗದ ಅಂಬಿಗರಷ್ಟು ಸರಿಯಾಗಿ ಯಾವ ಮೊಬೈಲ್ ಆ್ಯಪ್ ಕೂಡ ಹೇಳಲಾರದು.

ಇಳಿತ ಒಂದೇ ಸಮನೆ ಇಳಿಯುವುದೂ ಇಲ್ಲ. ಸುಮಾರು ಆರು ಗಂಟೆ ಹಿಡಿಯುವ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಐದನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು. ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಹೊರಟುಹೋಗುತ್ತದೆ. ಸೆಳೆತ ಜೋರಾಗಿರುವುದು ಆಗಲೇ. ಕಯಾಕ್ ಹುಟ್ಟು ಹಾಕಲು ಹೊಸಬರು ನೀರಿಗಿಳಿಯಬಾರದ ಹೊತ್ತು ಇದ್ದರೆ ಅದು ಇದೇ. ಭರತಕ್ಕೆ ಒಂದೂವರೆ ಗಂಟೆ ಮುಂಚೆ ಹೊರಟು, ಏರುವ ನೀರಿನ ಜೊತೆಗೇ ಮೇಲಕ್ಕೆ ಹೋಗಿ, ನೀರು ನಿಂತು ತಿರುಗುವ ಹೊತ್ತಿಗೆ ತಾವೂ ತಿರುಗಿಕೊಂಡರೆ ಹೋಗುವಾಗಲೂ ಬರುವಾಗಲೂ ಹೊಳೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಇಳಿತದಲ್ಲಿ ಸಿಕ್ಕಿಕೊಂಡರೆ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ. ಕಾಂಡ್ಲಾದ ಉಸಿರುಬೇರುಗಳು ಮೊಳೆಗಳಂತೆ ಎದ್ದು ನಿಂತಿರುತ್ತವೆ, ಕಲ್ಲು ಬೇರುಗಳಿಗೆ ಅಂಟಿದ ಕಲ್ವ ಎಂಬ ಸಿಂಪಿಯ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಗಾಯವಾದರೆ ಆಗಲೇ ಸಿಹಿನೀರು ಸಾಬೂನಿನಲ್ಲಿ ತೊಳೆಯಬೇಕು. ಉಪ್ಪುನೀರಿನ ಗಾಯ ಬೇಗ ಕೀವಾಗುತ್ತದೆ.

ಸಮುದ್ರದ ಲೆಕ್ಕ ಬೇರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ನಮ್ಮವರ ತೋನ್ಸೆಪಾರಿಗೆ, ಹೋಗುವವರು ನೋಡಬೇಕಾದದ್ದು ಭರತಕ್ಕಿಂತ ಹೆಚ್ಚಾಗಿ ಗಾಳಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಕಡಲು ಎಣ್ಣೆ ಹೊಯ್ದಂತೆ ಮಲಗಿರುತ್ತದೆ. ನೆಲ ಕಾದಂತೆ, ಹನ್ನೊಂದು ಹನ್ನೆರಡರ ಮೇಲೆ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗುತ್ತದೆ. ಮಧ್ಯಾಹ್ನದ ಮೇಲೆ ನೊರೆಯಲೆ ಏಳುತ್ತವೆ. ಬೆಳಗಿನ ಮೊದಲ ದೋಣಿಯಲ್ಲಿ ಹೋದವರು ದ್ವೀಪದ ಕಂಬಗಲ್ಲುಗಳನ್ನು ಹೊಗಳಿಕೊಂಡು ಬರುತ್ತಾರೆ, ಮೂರು ಗಂಟೆಯ ದೋಣಿಯವರು ವಾಂತಿ ಮಾಡಿಕೊಂಡು ಬರುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಬಿರಿದು ಆದ ಕಂಬಗಳವು. ಆರಾಮವಾಗಿ ನೋಡುವಂಥವು. ಆದರೆ ಪಡುವಣ ಬದಿಯ ಕಲ್ಲುಗಳ ಮೇಲೆ ಕಪ್ಪುಹಸಿರು ಪಟ್ಟಿಯೊಂದು ಕಾಣುತ್ತದೆ. ಅಲೆ ಮುಟ್ಟುವ ಜಾಗವದು, ಪಾಚಿ. ಆ ಪಟ್ಟಿಯ ಮೇಲೆ ಕಾಲಿಟ್ಟು ಸೆಲ್ಫಿ ತೆಗೆದುಕೊಳ್ಳಲು ಹೋಗಬೇಡಿ.

ಅಳಿವೆಯ ಬಾಯಿಯಲ್ಲಿ ಗಾಳಿ, ಇಳಿತ ಎರಡೂ ಎದುರುಬದುರಾಗುತ್ತವೆ. ಹೊಳೆಯ ನೀರು ರಭಸದಲ್ಲಿ ಹೊರಕ್ಕೆ, ಗಾಳಿ ಒಳಕ್ಕೆ. ಎರಡರ ನಡುವೆ ಸಿಕ್ಕ ಅಲೆ ಗಿಡ್ಡವಾಗಿ, ಕಡಿದಾಗಿ ನಿಲ್ಲುತ್ತದೆ, ಅಡಿಯಲ್ಲಿ ಮಳೆಗಾಲ ಕಳೆದಂತೆಲ್ಲ ಜಾಗ ಬದಲಿಸುವ ಮರಳದಿಬ್ಬ. ಹೊಳೆ ವಿಹಾರದ ದೋಣಿಯನ್ನು, ಸ್ವಲ್ಪ ಸಮುದ್ರದ ತನಕ ಹೋಗೋಣ ಎಂದು ಪುಸಲಾಯಿಸುವ ಗಿರಾಕಿಗಳಿದ್ದಾರೆ, ಹೆಚ್ಚಿನ ದುಡ್ಡಿಗೆ ಒಪ್ಪುವವರೂ ಇದ್ದಾರೆ. ಒಪ್ಪದ ಅಂಬಿಗನನ್ನು ಬೈಯಬೇಡಿ, ಅವನಿಗೆ ಗೊತ್ತಿದೆ. ಇನ್ನು ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ದೂರ ಸಾಗರದ ಬಿರುಗಾಳಿ ಎಬ್ಬಿಸಿದ ಉದ್ದಲೆಗಳು ಬಂದು ದಡಕ್ಕೆ ನುಗ್ಗುವುದುಂಟು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇದರ ಮುನ್ಸೂಚನೆ ಕೊಡುತ್ತದೆ. ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳುವುದಕ್ಕೆ ಖರ್ಚೇನಿಲ್ಲ.

ಜನ ತುಂಬುವ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. ಎಂಟು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿಗೆ ಐದು ಜನ ಹೆಚ್ಚಾಗಿ ಹತ್ತಿದರೆಂದು ಇಟ್ಟುಕೊಳ್ಳಿ, 300 ಕಿಲೋ. ದೋಣಿ ನೀರಿನಲ್ಲಿ ಕೆಳಗೆ ಕೂರುವುದು ಎರಡೂವರೆ ಸೆಂಟಿಮೀಟರ್, ಅಷ್ಟೇ. ದಡದಲ್ಲಿ ನಿಂತವರಿಗೆ ವ್ಯತ್ಯಾಸವೇ ಕಾಣದು, ಏನೂ ಆಗಲ್ಲ ಹತ್ತಿ ಎನ್ನುತ್ತಾರೆ. ಅದೇ ಐದು ಜನ ಡಾಲ್ಫಿನ್ ಕಂಡಿತೆಂದು ಒಂದೇ ಅಂಚಿಗೆ ಎದ್ದು ಬಂದಾಗ ಅಂಚು ನೀರಿಗೆ ಬಾಗುತ್ತದೆ, ನೀರು ಒಳಗೆ ಬರುತ್ತದೆ, ಬಂದ ನೀರು ಬಾಗಿದ ಬದಿಗೇ ಓಡಿ ಇನ್ನಷ್ಟು ಬಾಗಿಸುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದು ಬದಿಗೆ ಸರಿದಾಗ ದೋಣಿ ಮಗುಚಿ 45 ಮಂದಿ ಸತ್ತರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ಎರಡಂತಸ್ತಿನ ದೋಣಿ ಮಗುಚಿ 22 ಮಂದಿ ಹೋದರು. ಮೇಲಂತಸ್ತಿನಲ್ಲಿ ನಿಂತ ಒಬ್ಬ, ಕೆಳಗೆ ಕೂತ ಒಬ್ಬನಿಗಿಂತ ಎಷ್ಟೋ ಪಾಲು ಹೆಚ್ಚು ದೋಣಿಯನ್ನು ಅಲುಗಿಸುತ್ತಾನೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದು ನಮ್ಮ ಕಾರವಾರದಲ್ಲೇ. 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ನೋಂದಣಿ, ಸರ್ವೆ, ವಿಮೆ ಎಲ್ಲ ಇದೆ. ಎಷ್ಟು ಜನರನ್ನು ಹತ್ತಿಸಬಹುದು ಎನ್ನುವುದು ಸರ್ವೆಯಲ್ಲಿ ನಿಗದಿಯಾಗುತ್ತದೆ. ಆ ಅಂಕಿ ಕಡತದಲ್ಲಿ ಮಲಗಿರಬಾರದು, ದೋಣಿಯ ಪಕ್ಕದಲ್ಲಿ ಅಂಗೈಯಗಲದ ಅಕ್ಷರದಲ್ಲಿ ಇರಬೇಕು. ಮಡಿಲ ಮಗುವೂ ಒಂದು ತಲೆಯೇ.

ಲೈಫ್ ಜಾಕೆಟ್ ಇದೆಯೇ ಎಂದು ಕೇಳಿದರೆ ಸಾಲದು. ಹಾಕಿಕೊಂಡು ಎಲ್ಲ ಬಕಲ್ ಬಿಗಿದ ಮೇಲೆ ಇನ್ನೊಬ್ಬರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಕಿವಿಯ ತನಕ ಬಂತೆಂದರೆ ನೀರಿನಲ್ಲೂ ಅದು ಕಿವಿಯ ತನಕವೇ ಬರುತ್ತದೆ, ನೀವು ಕೆಳಗೆ ಜಾರುತ್ತೀರಿ. ಮಕ್ಕಳಿಗೆ ಕಾಲ್ಗವಲಿನ ಪಟ್ಟಿ ಇರುವ ಸಣ್ಣ ಜಾಕೆಟ್ಟೇ ಆಗಬೇಕು. ದೊಡ್ಡವರದ್ದನ್ನು ಸುತ್ತಿ ಕಟ್ಟಿದರೆ ನಡೆಯದು. ಅದನ್ನೇ ದಿಂಬು ಮಾಡಿ ಕೂರುವ ಅಭ್ಯಾಸದಿಂದ ಒಳಗಿನ ಫೋಮ್ ಅಮುಕಿ ತೇಲುವ ಶಕ್ತಿ ಕುಂದುತ್ತದೆ. ಹೊರಡುವ ಮುನ್ನ ಎಂಜಿನ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಚಾಲೂ ಆದ ಔಟ್‌ಬೋರ್ಡಿನ ಪಕ್ಕದಿಂದ ಪೆನ್ಸಿಲಿನಷ್ಟು ದಪ್ಪದ ನೀರಿನ ಧಾರೆ ಹಾರುತ್ತಿರಬೇಕು, ಅದು ಎಂಜಿನ್ನನ್ನು ತಂಪಾಗಿಸಿ ಬರುವ ನೀರು. ಧಾರೆ ನಿಂತಿದ್ದರೆ ಒಳದಾರಿಗೆ ಮರಳೋ ಪ್ಲಾಸ್ಟಿಕ್ಕೋ ಸಿಕ್ಕಿದೆ ಎಂದೇ ತಿಳಿಯಿರಿ. ಸ್ವಲ್ಪ ದೂರ ಹೋಗಿ ಕಾದು ನಿಲ್ಲುತ್ತದೆ, ನಡುಹೊಳೆಯಲ್ಲಿ. ಎಂಜಿನ್ನಿಗೆ ತೂಗುವ ಕೆಂಪು ಸುರುಳಿ ಹಗ್ಗ ಓಡಿಸುವವನ ಕೈಗೋ ಸೊಂಟಕ್ಕೋ ಕಟ್ಟಿರಬೇಕು. ಅವನು ನೀರಿಗೆ ಬಿದ್ದರೆ ಎಂಜಿನ್ ತಾನೇ ಆರಲಿ ಎಂದು ಇಟ್ಟದ್ದದು.

ಇಷ್ಟಾದ ಮೇಲೆ ಊಟ. ನೀರಂಚಿನ ಮೇಜೇ ಬೇಕೆಂದು ಕಾದಿರಿಸುವವರೂ ಭರತದ ಹೊತ್ತನ್ನೇ ನೋಡಬೇಕು. ಇಳಿತದಲ್ಲಿ ಕಾಂಡ್ಲಾ ಕೆಸರು ಬಯಲಾದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಚರಂಡಿ ಎಂದು ಹೋಟೆಲಿನವರ ಜೊತೆ ಜಗಳ ಬೇಡ, ಗಾಳಿಯಾಡದ ಕೆಸರಿನಲ್ಲಿ ಎಲೆಗಳು ಕೊಳೆಯುವ ವಾಸನೆಯದು. ಮೀನಿನ ವಿಚಾರಕ್ಕೆ ಬಂದರೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆಗ ಮೆನುವಿನಲ್ಲಿ ದಪ್ಪ ಅಂಜಲ್ ತುಂಡು ಸಿಕ್ಕರೆ ಅದು ಐಸಿನದೋ, ಜೂನ್ 14ಕ್ಕೆ ನಿಷೇಧ ಮುಗಿಯುವ ಪೂರ್ವ ಕರಾವಳಿಯದೋ ಇರಬೇಕು. ಉಳಿದ ಕಾಲದಲ್ಲೂ ಇವತ್ತಿನ ಮೀನು ಎಂದರೆ ಇವತ್ತು ದಡಕ್ಕೆ ಬಂದದ್ದು ಎಂದಷ್ಟೇ ಅರ್ಥ. ಆಳಸಮುದ್ರದ ಟ್ರಾಲರುಗಳು ದಿನಗಟ್ಟಲೆ ಐಸಿನಲ್ಲಿಟ್ಟುಕೊಂಡು ಬರುತ್ತವೆ. ತಾಜಾ ಬೇಕಿದ್ದರೆ ನಾಡದೋಣಿಯ ಮೀನು ಏನಿದೆ ಎಂದು ಕೇಳಿ. ಬೂತಾಯಿ, ಬಂಗುಡೆ, ಕಾಣೆ ಅಂದರೆ ಕರಾವಳಿಯವರು ಹಣಕ್ಕೆ ಮೋಸವಾಗದ ಮೀನು ಎನ್ನುತ್ತಾರೆ. ಹುರಿಯುವ ಮುಂಚೆ ತಟ್ಟೆಯಲ್ಲಿ ತರಿಸಿ ನೋಡಿ, ತೂಕವನ್ನೂ ದರವನ್ನೂ ಆಗಲೇ ಮಾತಾಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ಮೇಲೇಳಬೇಕು. ಬಂಗುಡೆ, ಅಂಜಲ್ ಜಾತಿಯ ಮೀನು ಐಸಿಲ್ಲದೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಕೂಡುತ್ತದೆ. ಎಷ್ಟೇ ಹುರಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸುತ್ತದೆ. ಜನ ಮಸಾಲೆಯ ಖಾರವನ್ನು ದೂರುತ್ತಾರೆ. ಮರುವಾಯಿ ಎಂಬ ಚಿಪ್ಪುಮೀನನ್ನು ಉಪ್ಪುನೀರಿನಲ್ಲಿ ಕೆಲವು ತಾಸು ಇಟ್ಟು ಮರಳು ಕಕ್ಕಿಸದಿದ್ದರೆ ಅದರ ಒಣಪಲ್ಯವಾದ ಸುಕ್ಕದಲ್ಲಿ ಹಲ್ಲಿಗೆ ಕರಕರ ಸಿಗುತ್ತದೆ. ಬೇಯಿಸಿದ ಮೇಲೂ ಬಾಯಿ ಬಿಡದ ಚಿಪ್ಪನ್ನು ಬಿಡಿಸಲು ಹೋಗದೆ ಬದಿಗಿಡಿ.

ನಮ್ಮ ಬೇಡಿಕೆ ಜಿಲ್ಲಾಡಳಿತಕ್ಕೂ ಕರ್ನಾಟಕ ಮಾರಿಟೈಮ್ ಬೋರ್ಡಿಗೂ. ಪ್ರವಾಸಿ ದೋಣಿ ಹೊರಡುವ ಪ್ರತಿ ಜೆಟ್ಟಿಯಲ್ಲಿ, ಟಿಕೆಟ್ ಕಿಟಕಿಗೆ ಬರುವ ದಾರಿಯಲ್ಲೇ, ಮೂರಡಿ ನಾಲ್ಕಡಿಯ ಒಂದು ಕಪ್ಪು ಹಲಗೆ ಸಾಕು. ದಿನ ಬೆಳಗ್ಗೆ ಸೀಮೆಸುಣ್ಣದಲ್ಲಿ ಆ ದಿನದ ಎರಡು ಭರತ, ಎರಡು ಇಳಿತದ ಹೊತ್ತು ಬರೆಯಬೇಕು. ಕೆಳಗೆ ಇನ್‌ಕಾಯಿಸ್ ಎಚ್ಚರಿಕೆ ಇದ್ದರೆ ಅದು, ಆಮೇಲೆ ಪ್ರತಿ ದೋಣಿಯ ಹೆಸರು, ಹತ್ತಬಹುದಾದ ತಲೆಗಳ ಸಂಖ್ಯೆ, ಹತ್ತಿದವರ ಸಂಖ್ಯೆ, ಹೊರಟ ಹೊತ್ತು, ಮರಳಿದ ಹೊತ್ತು. ಹಲಗೆಯ ಬುಡದಲ್ಲಿ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಎಣ್ಣೆಬಣ್ಣದಲ್ಲಿ. ಡಿಜಿಟಲ್ ಬೋರ್ಡು ಬೇಡವೇ ಬೇಡ, ಉಪ್ಪುಗಾಳಿಗೆ ಅದು ಒಂದು ಮಳೆಗಾಲ ಬಾಳುವುದೂ ಕಷ್ಟ. ಮರಳಿದ ಹೊತ್ತಿನ ಕಾಲಂ ಕತ್ತಲಾದ ಮೇಲೂ ಖಾಲಿ ಉಳಿದಿದ್ದರೆ ಟಿಕೆಟ್ ಕೊಡುವವನೇ ಫೋನ್ ಎತ್ತಬೇಕು. ಆ ಜವಾಬ್ದಾರಿ ಅವನದೆಂದು ಪರವಾನಗಿಯಲ್ಲೇ ಬರೆದುಕೊಡಿ.

ಇತಿ,
ಹೊಳೆಬದಿಯ ಓದುಗರು
ಕುಂದಾಪುರ