ದಮ್ಮಡಿ ಈಗ ಯಾರ ಹತ್ರ ಇದೆ?

ಗೆಳೆಯಾ,

"ಅಲ್ಲಿ ಊಟಕ್ಕ ಏನ್ ಮಾಡ್ತಿ?" ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯೋಣ ಅಂತ ಕೂತಿದ್ದೇನೆ. ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತೇನೆ. ನಮ್ಮ ಶಾಲೆಯವರು, ಓಣಿಯವರು ಅರ್ಧಕ್ಕರ್ಧ ಈಗ ಇಲ್ಲೇ ಇರುತ್ತಾರೆ, ಅವರೂ ಓದಲಿ. ನೀನು ಮಾತ್ರ ಹೊಲಕ್ಕೆ ಹೊರಡುವ ಮುಂಚೆ ಓದಬೇಡ, ಸ್ವಲ್ಪ ಉದ್ದ ಇದೆ.

ನಾನಿರುವುದು ಶಿಕಾಗೊದ ಹೊರಗೆ, ವಿಮಾನ ನಿಲ್ದಾಣದ ಕಡೆ. ಕೆಲಸ ಒಂದು ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಜೂನ್ ಬಿಸಿಲು, ಒಳಗೆ ಮೈನಸ್ 18 ಡಿಗ್ರಿ. ಒಳಗೆ ಕಾಲಿಡಬೇಕಾದರೆ ದಪ್ಪ ಕೋಟು, ಕೈಗವಸು, ಕಿವಿ ಮುಚ್ಚುವ ಟೋಪಿ ಎಲ್ಲ ಬೇಕು. ಮೇಲಿನ ತನಕ ರ‍್ಯಾಕು, ರ‍್ಯಾಕಿನ ತುಂಬ ಫ್ರೆಂಚ್ ಫ್ರೈಸ್ ಪೆಟ್ಟಿಗೆಗಳು. ಯಾವ ಪೆಟ್ಟಿಗೆ ಯಾವ ಲಾರಿಗೆ ಹೋಗಬೇಕು ಅಂತ ಹೇಳುವ ಸಾಫ್ಟ್‌ವೇರ್ ನಮ್ಮದು. ಹಳೆಯದನ್ನು ನಿಲ್ಲಿಸಿ ನಮ್ಮದನ್ನು ಶುರು ಮಾಡಿಸಿಕೊಡುವುದಕ್ಕೆ ಎರಡು ವಾರ ಬಂದಿದ್ದೇನೆ. ಚಳಿಗೆ ಸ್ಕ್ಯಾನರಿನ ಬ್ಯಾಟರಿ ಬೇಗ ಇಳಿದುಹೋಗುತ್ತದೆ, ಅದನ್ನು ಬದಲಿಸಲು ಹೊರಗೆ ಬಂದಾಗಲೆಲ್ಲ ಐದು ನಿಮಿಷ ಬಿಸಿಲಿಗೆ ನಿಲ್ಲುತ್ತೇವೆ. ಅಲ್ಲಿ ಕೆಲಸ ಮಾಡುವವರು ಜಾಸ್ತಿ ಮೆಕ್ಸಿಕೊ ಕಡೆಯವರು. ಒಬ್ಬ ಫೋನ್ ತೆಗೆದು ತನ್ನೂರಿನಲ್ಲಿ ಕಟ್ಟಿಸುತ್ತಿರುವ ಮನೆ ತೋರಿಸಿದ. ಎರಡು ಮಹಡಿ, ನೀಲಿ ಬಣ್ಣ. ದುಡ್ಡು ಕಳಿಸುತ್ತಾ ಒಂಬತ್ತು ವರ್ಷ ಆಯಿತಂತೆ, ಮನೆಯನ್ನು ಇನ್ನೂ ಕಣ್ಣಾರೆ ನೋಡಿಲ್ಲವಂತೆ. ಅಷ್ಟು ಹೇಳಿ ಟೋಪಿ ಹಾಕಿಕೊಂಡು ಒಳಗೆ ಹೋದ.

ನಮ್ಮ ಹೋಟೆಲಿನ ಹತ್ತಿರದಲ್ಲೇ ಡೆಸ್ ಪ್ಲೇನ್ಸ್ ಅಂತ ಊರಿದೆ. ಮೆಕ್‌ಡೊನಾಲ್ಡ್ಸನ್ನು ಜಗತ್ತಿಗೆಲ್ಲ ಹಬ್ಬಿಸಿದ ರೇ ಕ್ರಾಕ್ 1955ರ ಏಪ್ರಿಲ್ 15ರಂದು ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದದ್ದು ಅಲ್ಲಿ. ಆ ಜಾಗ ನೋಡಿಬಂದೆ. ನೋಡುವಂಥದ್ದು ಏನೂ ಉಳಿದಿಲ್ಲ.

ಶನಿವಾರ ರೈಲು ಹತ್ತಿ ಊರೊಳಗೆ ಹೋದೆ. ಮೊದಲು ಆರ್ಟ್ ಇನ್‌ಸ್ಟಿಟ್ಯೂಟ್. ಮುಂದೆ ಎರಡು ಕಂಚಿನ ಸಿಂಹಗಳಿವೆ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಮೆಟ್ಟಿಲ ಮೇಲೆ ನಿಂತೆ. ನಿನಗೆ ಹೇಳಬೇಕಾ? ಏಳನೇ ಕ್ಲಾಸು, ಭಾಷಣ ಸ್ಪರ್ಧೆ, ಕಾವಿ ಪೇಟ, ಆಮೇಲೆ ಆ ಆಡು. ಒಬ್ಬನೇ ನಿಂತು ನಕ್ಕೆ. ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಹೆಂಗಸೂ ನನ್ನನ್ನು ನೋಡಿ ನಕ್ಕರು. ಅವರಿಗೇನು ಗೊತ್ತು!

ಅಲ್ಲಿಂದ ಸ್ವಲ್ಪ ನಡೆದರೆ ಮಿಲೆನಿಯಂ ಪಾರ್ಕು. ಅವರೆಕಾಳಿನ ಆಕಾರದ ಸ್ಟೀಲಿನದೊಂದು ದೊಡ್ಡ ಶಿಲ್ಪ ಇದೆ, ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು. 168 ಸ್ಟೀಲ್ ಹಾಳೆ ಬೆಸೆದಿದ್ದಾರೆ, ಒಂದು ಬೆಸುಗೆಯೂ ಕಾಣುವುದಿಲ್ಲ. ನಿಮ್ಮ ಟ್ರಾಲಿ ವೆಲ್ಡಿಂಗ್ ಮಾಡಿದವನಿಗೆ ತೋರಿಸಬೇಕು ಅನ್ನಿಸಿತು. ಆದರೆ ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಸ್ಟೇಟ್ ಸ್ಟ್ರೀಟಿನ ಒಂದು ಗೋಡೆ. ಸುಮಾರು ಹತ್ತು ಮಹಡಿ ಎತ್ತರಕ್ಕೆ ಒಬ್ಬ ಮನುಷ್ಯನ ಚಿತ್ರ, ಕೈಯಲ್ಲಿ ಗಿಟಾರು. ಮಡ್ಡಿ ವಾಟರ್ಸ್. ನಮ್ಮ ಟ್ರಾಕ್ಟರ್ ಹುಡುಗರಿಗೆ ಇವನ ಕಥೆ ಹೇಳಬೇಕು, ಯಾಕಂದರೆ ಇವನೂ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದವನು. 1941ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಹಾಡು ಸಂಗ್ರಹಿಸುತ್ತಾ ಬಂದವರು ಅವನು ಇದ್ದಲ್ಲಿಗೇ ಹೋಗಿ ಅವನ ದನಿ ರೆಕಾರ್ಡ್ ಮಾಡಿಕೊಂಡರು. 1943ರಲ್ಲಿ ರೈಲು ಹತ್ತಿ ಶಿಕಾಗೊಗೆ ಬಂದ. ಕಾಗದದ ಕಾರ್ಖಾನೆಯಲ್ಲಿ ದುಡಿದ, ಲಾರಿ ಓಡಿಸಿದ, ರಾತ್ರಿ ಹಾಡಿದ.

ಅವನೊಬ್ಬನೇ ಅಲ್ಲ. 1910ರಿಂದ 1970ರೊಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರದ, ಪಶ್ಚಿಮದ ಊರುಗಳಿಗೆ ಹೋದರು. ದಕ್ಷಿಣದಲ್ಲಿ ಅವರಿಗೆ ಹೊಲ ಸ್ವಂತದ್ದಲ್ಲ, ಓಟು ಇಲ್ಲ, ಯಾವಾಗ ಯಾರು ಹೊಡೆದು ಕೊಲ್ಲುತ್ತಾರೋ ಅನ್ನುವ ಭಯ ಬೇರೆ. ಮಿಸಿಸಿಪ್ಪಿಯಿಂದ ನೆಟ್ಟಗೆ ಶಿಕಾಗೊಗೆ ರೈಲಿತ್ತು, ಅದಕ್ಕೇ ಅಷ್ಟು ಜನ ಇಲ್ಲಿಗೆ ಬಂದರು. ಅವರ ಜೊತೆ ಹಾಡೂ ಬಂತು. ಊರಿನಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಒಬ್ಬ ಮನುಷ್ಯ ಒಂದು ಗಿಟಾರು ಅಂತಿದ್ದ ಹಾಡು. ಇಲ್ಲಿನ ಬಾರಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅದಕ್ಕೆ ಗಿಟಾರಿಗೆ ಕರೆಂಟು ಕೊಟ್ಟರು, ಮೌತ್ ಆರ್ಗನ್ ಮತ್ತು ಮೈಕನ್ನು ಎರಡೂ ಕೈಯಲ್ಲಿ ಒಟ್ಟಿಗೆ ಮುಚ್ಚಿ ಹಿಡಿದು ಊದಿದರು. ಶಿಕಾಗೊ ಬ್ಲೂಸ್ ಆಗಿದ್ದು ಹಾಗೆ.

ನಮ್ಮ ಗದಗಿನ ಭೀಮಸೇನ ಜೋಶಿಯವರು 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ಕಥೆಯನ್ನು ನಿಮ್ಮಪ್ಪ, ನನ್ನ ಕಾಕಾ, ಎಷ್ಟು ಸಲ ಹೇಳಿದ್ದರು ಅಲ್ವಾ. ಆ ಗೋಡೆ ಕೆಳಗೆ ಅದೇ ನೆನಪಾಯಿತು. ಕಾಕಾ ನೆನಪಾದದ್ದು ಆಗಲೇ. ಆಮೇಲೆ ಹೋಗಲೇ ಇಲ್ಲ.

ಊಟದ ವಿಷಯ ಹೇಳಿಬಿಡುತ್ತೇನೆ. ಇಲ್ಲಿನ ಹೆಸರುವಾಸಿ ತಿಂಡಿ ಹಾಟ್ ಡಾಗ್. ಗಸಗಸೆ ಮೆತ್ತಿದ ಬನ್ನು, ಮೇಲೆ ಹಳದಿ ಸಾಸಿವೆ, ಕಣ್ಣು ಕುಕ್ಕುವ ಹಸಿರಿನ ಸೌತೆಕಾಯಿ ರೆಲಿಶ್, ಹೆಚ್ಚಿದ ಈರುಳ್ಳಿ, ಟೊಮೆಟೊ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಪುಟ್ಟ ಪುಟ್ಟ ಹಸಿಮೆಣಸಿನ ಉಪ್ಪಿನಕಾಯಿ. ಕೊನೆಗೆ ಸೆಲರಿ ಉಪ್ಪು ಉದುರಿಸುತ್ತಾರೆ. ಕೆಚಪ್ ಕೇಳಿದರೆ ಮುಖ ನೋಡುತ್ತಾರೆ. ಒಳಗಿರುವುದು ದನದ ಮಾಂಸದ ಸಾಸೇಜು, ಅದು ನನಗಾಗದು. ಅಂಗಡಿಯ ಮುದುಕನಿಗೆ "ಅದೊಂದು ಬಿಟ್ಟು ಎಲ್ಲ ಹಾಕಿ" ಅಂದೆ. ಅವನು ಸ್ವಲ್ಪ ಯೋಚನೆ ಮಾಡಿ, ಸಾಸೇಜಿನ ಜಾಗದಲ್ಲಿ ಬಿಸಿ ಬಿಸಿ ಫ್ರೆಂಚ್ ಫ್ರೈಸ್ ತುಂಬಿ, ಅದರ ಮೇಲೆ ಉಳಿದದ್ದನ್ನೆಲ್ಲ ಹಾಕಿ ಕೊಟ್ಟ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಒಟ್ಟಿಗೆ ಬಾಯಿಗೆ ಬಂದಾಗ ಸಂತೆ ದಿನದ ಗಿರ್ಮಿಟ್ಟಿನ ರುಚಿ. ನಿಜವಾಗ್ಲೂ. ಇನ್ನೊಂದು ತಿಂದೆ.

ಭಾನುವಾರ ಅದೇ ಪಾರ್ಕಿನಲ್ಲಿ ಬ್ಲೂಸ್ ಹಬ್ಬ. ಮಡ್ಡಿ ವಾಟರ್ಸ್ ತೀರಿಕೊಂಡದ್ದು 1983ರಲ್ಲಿ, ಮರುವರ್ಷದಿಂದ ಊರಿನವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಸ್ಟೇಜಿನ ಮುಂದೆ ಕುರ್ಚಿ, ಅದರ ಹಿಂದೆ ದೊಡ್ಡ ಹುಲ್ಲುಹಾಸು. ಹುಲ್ಲಿನ ಮೇಲೆ ಸ್ಟೀಲ್ ಕೊಳವೆಗಳ ಚಪ್ಪರ, ಚಪ್ಪರದಲ್ಲಿ ಸ್ಪೀಕರ್ ತೂಗುಹಾಕಿದ್ದಾರೆ. ಹಿಂದೆ ಕೂತವನಿಗೂ ಪಕ್ಕದಲ್ಲೇ ಹಾಡಿದ ಹಾಗೆ ಕೇಳಿಸುತ್ತದೆ. ಜನ ಚಾದರ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು, ಮಕ್ಕಳನ್ನು ಮಲಗಿಸಿಕೊಂಡು ಕೂತಿದ್ದರು. ಶ್ರಾವಣದ ಕೊನೆ ಸೋಮವಾರ ಗುಡಿ ಮುಂದೆ ಕೂತಂತೆ.

ಹಾಡಿನ ಕಟ್ಟೂ ನಮಗೆ ಹೊಸದಲ್ಲ. ಮೊದಲ ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ. ನಡುನಡುವೆ ಗಿಟಾರು ಹೂಂಗುಡುತ್ತದೆ. ಕಾಕಾ ಶರೀಫರ ಪದ ಎತ್ತಿದಾಗ ನಾವಿಬ್ಬರೂ ಹಿಂದೆ ಕೂತು ಹೊಡೆಯುತ್ತಿದ್ದೆವಲ್ಲ ಹಿಮ್ಮೇಳ, ಹಾಗೆ.

ಸಂಜೆ ಒಬ್ಬ ಹಾಡುಗಾರ ಬಂದ. ಅರವತ್ತು ದಾಟಿರಬೇಕು. ಇದು ನಮ್ಮಪ್ಪ ಹಾಡುತ್ತಿದ್ದ ಹಾಡು ಅಂತ ಹೇಳಿ ಶುರು ಮಾಡಿದ. ಎರಡು ನುಡಿ ಆಯಿತು. ಮೂರನೆಯದಕ್ಕೆ ಬಾಯಿ ತೆರೆದು ನಿಂತುಬಿಟ್ಟ. ಮರೆತುಹೋಗಿತ್ತು. ಡ್ರಮ್ಮಿನವನ ಕಡೆ ತಿರುಗಿ ತಲೆ ಅಲ್ಲಾಡಿಸಿದ, ಡ್ರಮ್ಮಿನವನು ತಾಳ ಬಿಡಲಿಲ್ಲ, ಸುಮ್ನೆ ಅದೇ ಹೊಡೆತ ಹೊಡೆಯುತ್ತಾ ಹೋದ. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೂತಲ್ಲಿಂದಲೇ ಆ ಸಾಲು ಕೂಗಿ ಕೊಟ್ಟಳು. ಅವಳ ಹಿಂದೆ ಹತ್ತು ಜನ, ಆಮೇಲೆ ನೂರು ಜನ. ಅವನು ಎದೆ ಮೇಲೆ ಕೈಯಿಟ್ಟುಕೊಂಡು ಕೇಳಿದ. ಕೇಳಿ, ಅಲ್ಲಿಂದಲೇ ಎತ್ತಿಕೊಂಡು ಹಾಡಿದ.

ಗೆಳೆಯಾ, ನಾನು ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಹೋದ ವರ್ಷ ಫೆಬ್ರುವರಿಯಲ್ಲಿ ನೀನು ಫೋನ್ ಮಾಡಿ "ಅಪ್ಪ ಹೋದ" ಅಂದಾಗ ಬೆಳಗ್ಗೆ ಹತ್ತೂ ಮುಕ್ಕಾಲು. ನಾನು ಮಣ್ಣಿಗೆ ಬರಲಿಲ್ಲ. ರಜೆ ಸಿಗಲಿಲ್ಲ ಅಂದೆ. ನೀನು "ಇರ್ಲಿ ಬಿಡು, ದೂರದ ಹಾದಿ" ಅಂದೆ. ರಜೆ ನಾನು ಕೇಳಿರಲೇ ಇಲ್ಲ. ಕೇಳಿದ್ದರೆ ಆ ನಿಮಿಷವೇ ಕೊಡುತ್ತಿದ್ದರು. ಅವತ್ತು ಮಧ್ಯಾಹ್ನ ನಮ್ಮ ಟೀಮಿನವರೆಲ್ಲ ಮಾಲಿಗೆ ಊಟಕ್ಕೆ ಹೋದರು, ನಾನೂ ಹೋದೆ. ಪಿಜ್ಜಾ ತಿಂದೆ. ಎರಡು ತುಂಡು. ಅದರ ಮೇಲೆ ಏನೇನಿತ್ತು ಅನ್ನುವುದು ಸಮೇತ ಇವತ್ತಿಗೂ ನೆನಪಿದೆ.

ಬರಲು ಮನಸ್ಸಿರಲಿಲ್ಲ ಅಂತಲ್ಲ. ರಾತ್ರಿಯಿಡೀ ಭಜನೆ ಇರುತ್ತದೆ ಅಂತ ಗೊತ್ತಿತ್ತು. ಕಾಕಾನನ್ನು ಕೂರಿಸಿ ಸುತ್ತ ಎಲ್ಲರೂ ಕೂರುತ್ತಾರೆ, ಯಾರೋ ನನ್ನ ಕೈಗೆ ದಮ್ಮಡಿ ಕೊಡುತ್ತಾರೆ, ಕಾಕಾ ನನಗೇ ಅಂತ ಹೇಳಿಕೊಟ್ಟ ಆ ಪದ ಹಾಡು ಅಂತಾರೆ. ನೀನೇ ಹೇಳುತ್ತಿದ್ದೆ. ನಿನ್ನ ಫೋನ್ ಇಟ್ಟ ಮೇಲೆ ಆಫೀಸಿನ ಮೆಟ್ಟಿಲ ಮೇಲೆ ಕೂತು ಮನಸ್ಸಿನಲ್ಲೇ ಹಾಡಿ ನೋಡಿದೆ. ಪಲ್ಲವಿ ಬಂತು. ಒಂದು ನುಡಿ ಬಂತು. ಮುಂದೆ ಏನೂ ಬರಲಿಲ್ಲ. ಎಂಟು ವರ್ಷ ದಿನಾ ಸಂಜೆ ನಿಮ್ಮ ಮನೆ ಕಟ್ಟೆ ಮೇಲೆ ಕೂತು ಕಲಿತದ್ದು. ಕಾಕಾನ ಎದುರಿಗೆ, ಇಡೀ ಊರಿನ ಮುಂದೆ ನಾನು ತಡವರಿಸಿ ನಿಂತರೆ? ಆ ಒಂದು ಹೆದರಿಕೆಗೆ ನಾನು ಬರಲಿಲ್ಲ. ಮೂರು ಶ್ರಾವಣ "ಬರ್ತೀನಿ ಕಾಕಾ" ಅಂತ ಹೇಳಿ ತಪ್ಪಿಸಿದ್ದೂ ಅದಕ್ಕೇ. ಹೆಂಡತಿಗೂ ಇದನ್ನು ಹೇಳಿಲ್ಲ.

ಆ ಮುದುಕಿ ಸಾಲು ಎತ್ತಿ ಕೊಟ್ಟಾಗ ಹೊಳೆಯಿತು. ನಾನು ಮರೆತಿದ್ದರೆ ನೀನು ಕೊಡುತ್ತಿದ್ದೆ. ನೀನು ಅಳುತ್ತಿದ್ದರೆ ಕಾಕು ಒಳಗಿನಿಂದ ಕೊಡುತ್ತಿದ್ದರು. ಅಲ್ಲಿ ಕೂತ ಯಾರಾದರೂ ಕೊಡುತ್ತಿದ್ದರು. ಭಜನೆಗೆ ಅಷ್ಟು ಜನ ಕೂರುವುದು ಮತ್ತೇತಕ್ಕೆ? ಇಷ್ಟು ಸಣ್ಣ ಮಾತು, ನನಗೆ ಹೊಳೆಯಲಿಲ್ಲ.

ನನ್ನ ಹತ್ತಿರ ಕಾಕಾನದು ಒಂದು ವಿಡಿಯೊ ಇದೆ. ನಾನು ಕೊನೆಯ ಸಲ ಬಂದಾಗ ತೆಗೆದದ್ದು, 50 ಸೆಕೆಂಡಿನದು. ಏಕತಾರಿ ಹಿಡಿದು ಕಟ್ಟೆ ಮೇಲೆ ಕೂತಿದ್ದಾರೆ. ಎರಡನೇ ನುಡಿ ಶುರುವಾಗುತ್ತದೆ, ಅಷ್ಟರಲ್ಲಿ ನನ್ನದೇ ದನಿ ಬರುತ್ತದೆ, "ಕಾಕಾ, ಬಸ್ಸಿಗೆ ಹೊತ್ತಾತು." ಅವರು ನಕ್ಕು ಕೈ ಎತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಹೋದ ವರ್ಷದಿಂದ ಅದನ್ನು ತೆರೆದಿರಲಿಲ್ಲ. ಭಾನುವಾರ ರಾತ್ರಿ ಹೋಟೆಲಿನಲ್ಲಿ ಆರು ಸಲ ನೋಡಿದೆ. ನಿನಗೆ ಕಳಿಸುವುದಿಲ್ಲ, ತಂದು ತೋರಿಸುತ್ತೇನೆ. ಆಮೇಲೆ ಅಲ್ಲಿಂದ ಮುಂದಿನ ನುಡಿ ನೀನು ಹಾಡು, ನಾನು ಹಿಂದೆ ಹೇಳುತ್ತೇನೆ.

ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ. ಬೈಯಬೇಕು ಅನ್ನಿಸಿದರೆ ಬೈ. ಇಲ್ಲೇ ಬೈ, ಎಲ್ಲರ ಮುಂದೆ.

ಹಾಂ, ನಿನ್ನ ಮಗಳಿಗೆ ಒಂದು ಮೌತ್ ಆರ್ಗನ್ ತಗೊಂಡಿದ್ದೇನೆ. ಮೊದಲ ತಿಂಗಳು ನಿಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ. ಕಾಕುಗೆ ಆ ಪುಟ್ಟ ಮೆಣಸಿನಕಾಯಿಯದು ಒಂದು ಬಾಟಲಿ. "ಇದೇನ್ ಖಾರ!" ಅಂತ ಪಕ್ಕಕ್ಕಿಡುತ್ತಾರೆ ಅಂತ ಗೊತ್ತು, ಆದರೂ ತರುತ್ತೇನೆ. ನಿನಗೇನೂ ಇಲ್ಲ. ನಿನಗೆ ಬನ್ನಿನೊಳಗೆ ಆಲೂಗಡ್ಡೆ ತುಂಬಿ ನಾನೇ ಮಾಡಿ ಕೊಡುತ್ತೇನೆ, ಗಸಗಸೆ ಮನೆಯಲ್ಲಿದೆಯಾ ನೋಡಿಡು.

ಗುರುವಾರ ಇಲ್ಲಿಂದ ಹೊರಡುತ್ತೇನೆ. ಬೆಂಗಳೂರಿನಲ್ಲಿ ಒಂದು ದಿನ, ಆಮೇಲೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಕಾರ ಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಹಚ್ಚುವ ಹೊತ್ತಿಗೆ ಅಲ್ಲಿರುತ್ತೇನೆ. ದಮ್ಮಡಿ ಈಗ ಯಾರ ಹತ್ರ ಇದೆ? ಚರ್ಮ ಸಡಿಲ ಆಗಿದ್ದರೆ ಸ್ವಲ್ಪ ಬಿಸಿಲಿಗಿಡು. ಗದಗ ಸ್ಟೇಷನ್ನಿಗೆ ಬರುವುದಾದರೆ ಬೈಕ್ ತಾ, ಸೈಕಲ್ ಬೇಡವೇ ಬೇಡ.

ಆ ಆಡಿನ ವಿಷಯ ಮಗಳಿಗೆ ಇನ್ನೂ ಹೇಳಿಲ್ಲ ತಾನೆ? ಹೇಳಬೇಡ. ನಾನೇ ಬಂದು ಹೇಳುತ್ತೇನೆ.

ನಿನ್ನ ಗೆಳೆಯ