ನೀರು ಮೇಲಿಂದ ಬರಬೇಕಿತ್ತಂತೆ!

ಮಾನ್ಯ ಸಂಪಾದಕರೇ,

ನಮ್ಮ ಬೀದಿಗೆ ನೀರು ನುಗ್ಗಿದ ಸುದ್ದಿ ನಿನ್ನೆ ಹಾಕಿದ್ದೀರಿ. ಫೋಟೋ ಚೆನ್ನಾಗಿ ಬಂದಿದೆ. ಆದರೆ ಕೊನೆಯಲ್ಲಿ ‘ವಿಮೆ ಇರುವ ಬಾಡಿಗೆದಾರರಿಗೆ ಪರಿಹಾರ ಸಿಗಲಿದೆ’ ಎಂದು ಬರೆದಿದ್ದೀರಲ್ಲ, ಅದನ್ನು ನಿಮಗೆ ಹೇಳಿದವರು ಯಾರು? ನನಗೂ ಬಾಡಿಗೆದಾರರ ವಿಮೆ ಇದೆ, ಮನೆಯೊಳಗಿನ ನಮ್ಮ ಸಾಮಾನಿಗೆಂದು ಮಾಡಿಸಿದ್ದು. 3 ವರ್ಷದಿಂದ ಒಂದು ಕಂತೂ ತಪ್ಪಿಸಿಲ್ಲ.

ಬೆಳಿಗ್ಗೆ ಹಾನಿ ನೋಡಲು ವಿಮೆಯ ಸರ್ವೇಯರ್ ಬಂದಿದ್ದರು. ಹಾಸಿಗೆ ಒತ್ತಿದರೆ ಇನ್ನೂ ನೀರು ಸುರಿಯುತ್ತಿತ್ತು. ಅವರು ಅತ್ತ ನೋಡಲೇ ಇಲ್ಲ. ಗೋಡೆಯ ಕೆಸರಿನ ಗೆರೆಗೆ ಟೇಪು ಹಿಡಿದು, “ನೀರು ಹೊರಗಿಂದ ಬಂದಿದೆ, ಇದು ಪ್ರವಾಹ. ನಿಮ್ಮ ಪಾಲಿಸಿಯಲ್ಲಿ ಇಲ್ಲ” ಎಂದರು. ಮೇಲಿನ ಮನೆಯ ಪೈಪು ಒಡೆದು ಸುರಿದಿದ್ದರೆ ಕೊಡುತ್ತಿದ್ದರಂತೆ. ಬಚ್ಚಲ ಜಾಲರಿಯಿಂದಲೂ ಉಕ್ಕಿತಲ್ಲ ಎಂದೆ. ಅದಕ್ಕೆ ಜಾಸ್ತಿ ದುಡ್ಡು ಕಟ್ಟಿ ಬೇರೆ ಸೇರಿಸಿಕೊಂಡಿರಬೇಕಿತ್ತಂತೆ. ಸರಿ, ಮುಂದಿನ ಸಲ ನೀರನ್ನು ಬಾಗಿಲಲ್ಲೇ ತಡೆದು ‘ಮಹಡಿ ಹತ್ತಿ ಮೇಲಿಂದ ಬಾ’ ಎನ್ನುತ್ತೇನೆ!

3 ರಾತ್ರಿ ಲಾಡ್ಜ್‌ನಲ್ಲಿ ಮಲಗಿದ ಬಿಲ್ಲೂ ನಮ್ಮದೇ. ಹಾನಿಯ ಕಾರಣ ಪಾಲಿಸಿಯಲ್ಲಿದ್ದರೆ ಮಾತ್ರ ಆ ಖರ್ಚು ಕೊಡುವುದಂತೆ. ಜೊತೆಗಿರುವ ಗೆಳೆಯನ ಲ್ಯಾಪ್‌ಟಾಪಿನ ಮಾತೇ ಬೇಡ, ಪಾಲಿಸಿಯಲ್ಲಿ ಅವನ ಹೆಸರಿಲ್ಲ. ಮನೆ ಮಾಲೀಕರಿಗೆ ಫೋನ್ ಮಾಡಿದೆ. ಅವರ ವಿಮೆ ಗೋಡೆ, ಚಾವಣಿಗೆ, ನಮ್ಮ ಸಾಮಾನಿಗಲ್ಲ. ಹೋದ ವರ್ಷ ಕಳ್ಳತನ ಆದಾಗ ನಮ್ಮ ವಿಮೆಯವರು ಕೊಟ್ಟಿದ್ದರು, ಸುಳ್ಳು ಹೇಳಬಾರದು. 6 ವರ್ಷ ಹಳೆಯ ಟೀವಿಗೆ ಸವಕಳಿ ಕಳೆದು, ಮೊದಲು ನಾವೇ ಹೊರಬೇಕಾದ ಪಾಲನ್ನೂ ಕಳೆದು, ಕೈಗೆ ಬಂದದ್ದರಲ್ಲಿ ಒಂದು ರಿಮೋಟ್ ಬರುತ್ತಿತ್ತೇನೋ. ಒಡವೆಗಂತೂ ಬೇರೆಯೇ ಮಿತಿ.

ಇದೆಲ್ಲ ಪಾಲಿಸಿಯಲ್ಲಿ ಬರೆದಿದೆ, ನಿಜ. ಕೊನೆಯ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಏಜೆಂಟ್ ಮಾತ್ರ ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದ.

ಅಷ್ಟಕ್ಕೂ ನೀರು ಯಾಕೆ ನುಗ್ಗಿತು? ಚರಂಡಿ ಹೂಳು ಎತ್ತಿಸಿ ಎಂದು ಎಷ್ಟು ಅರ್ಜಿ ಕೊಟ್ಟಿಲ್ಲ ನಾವು! ಒಮ್ಮೆ ಎತ್ತಿಸಿದರು, ದಡದಲ್ಲೇ ಗುಡ್ಡೆ ಹಾಕಿಸಿದರು. ಮುಂದಿನ ಮಳೆಗೆ ಅದು ವಾಪಸ್ ಒಳಗೆ. ಬೀದಿದೀಪದ ಕತೆಯೂ ಇಷ್ಟೇ. ಅಧಿಕಾರಿಗಳು ನಡುಮಧ್ಯಾಹ್ನ ಬಂದು ‘ಕತ್ತಲೆ ಎಲ್ಲಿದೆ?’ ಎಂದು ಕೇಳಿ ಹೋದರು.

ವಿಮೆಯವರು ಏನು ಕೊಡುವುದಿಲ್ಲ ಎಂಬುದನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಲಿ. ಚರಂಡಿಯವರು ಚರಂಡಿ ನೋಡಲಿ. ಎರಡೂ ಆಗದಿದ್ದರೆ ಇಬ್ಬರೂ ಮುಂದಿನ ಮಳೆಗೆ ನಮ್ಮ ನಡುಮನೆಗೆ ಬಂದು ನಿಲ್ಲಲಿ. ಕೂರಿ ಎನ್ನಲು ಕುರ್ಚಿ ಉಳಿದಿಲ್ಲ. ನೀವೂ ಇನ್ನು ಮೇಲೆ ಸ್ವಲ್ಪ ವಿಚಾರಿಸಿ ಬರೆಯಿರಿ.

— ಕೊನೆಯ ಮನೆಯ ಬಾಡಿಗೆದಾರ